ಟೈಲಿನ ಮಾತು, ತತ್ತಿಯ ಮಾತು

ಸತ್ತ ತತ್ತಿ ಕಂಡು ಖುಷಿಯಿಂದ ಕುಣಿದವರು ಹಾವೇರಿ ಪೇಟೆಯಲ್ಲಿ ನಾನೊಬ್ಬಳೇ ಇರಬೇಕು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಆಗಷ್ಟೇ ಬಿ.ಎಸ್ಸಿ. ಮುಗಿಸಿದ್ದ ನನಗೆ ಅಲ್ಲಿಯ ದನದ ದವಾಖಾನೆಯ ಹಿಂಬದಿಯ ಸಣ್ಣ ಪ್ರಯೋಗಾಲಯದಲ್ಲಿ ನೌಕರಿ ಸಿಕ್ಕಿತ್ತು. ಆರ್ಡರಿನಲ್ಲಿ ನನ್ನ ಹುದ್ದೆಗೆ ಏನೋ ಉದ್ದನೆಯ ಹೆಸರಿತ್ತು. ಜನರ ಬಾಯಲ್ಲಿ ಮಾತ್ರ ನಾನು ‘ಕೋಳಿ ಮೂಗು ನೋಡೋ ಬಾಯಾರು’. ನನಗೆ ಈ ಹೆಸರೇ ಹೆಚ್ಚು ಹಿಡಿಸಿತ್ತು, ಯಾಕೆಂದರೆ ನಾನು ದಿನವಿಡೀ ಮಾಡುತ್ತಿದ್ದದ್ದು ಅದನ್ನೇ.

ಕೊಕ್ಕರೆ ರೋಗ ಅಂದರೆ ನಮ್ಮ ಕಡೆ ಕೋಳಿ ಸಾಕಿದವರಿಗೆಲ್ಲ ಗೊತ್ತು. ಉಸಿರಿನ ದಾರಿಗೆ ತಗಲುವ ವೈರಸ್ಸು ಅದು. ಮೊದಲು ಕೋಳಿ ಸೀನುತ್ತದೆ, ಬಾಯಿ ತೆರೆದು ಗೊರಗೊರ ಉಸಿರಾಡುತ್ತದೆ, ಆಮೇಲೆ ಹಸಿರು ಹಿಕ್ಕೆ ಹಾಕುತ್ತದೆ, ಕೊನೆಗೆ ಕುತ್ತಿಗೆ ತಿರುಚಿಕೊಂಡು ಬೀಳುತ್ತದೆ. ಒಂದು ಮನೆಗೆ ಬಂದರೆ ಓಣಿಯನ್ನೇ ಗುಡಿಸಿಕೊಂಡು ಹೋಗುತ್ತದೆ. ಬಂದ ಮೇಲೆ ಔಷಧವಿಲ್ಲ, ಬರುವ ಮೊದಲೇ ಲಸಿಕೆ ಹಾಕಿಸಬೇಕು. ಹಾಗಾಗಿ ಕುತ್ತಿಗೆ ತಿರುಚುವ ತನಕ ಕಾಯದೆ, ಬರೀ ಸೀನುತ್ತಿರುವಾಗಲೇ ಇದು ಅದೇ ರೋಗವೆಂದು ಹೇಳಿಬಿಟ್ಟರೆ, ಅಕ್ಕಪಕ್ಕದ ಕೋಳಿಗಳಾದರೂ ಉಳಿಯುತ್ತವೆ.

ಹಾಗೆ ಹೇಳುವುದಕ್ಕೆ ನಮ್ಮ ಹತ್ತಿರ ಎರಡು ದಾರಿ ಇದ್ದವು. ಮೊದಲನೆಯದು ಟೈಲು, ಬಚ್ಚಲುಮನೆಗೆ ಹಚ್ಚುತ್ತಾರಲ್ಲ, ಅದೇ ಬಿಳಿ ಟೈಲು. ಅದರ ಮೇಲೆ ಆರೋಗ್ಯವಂತ ಕೋಳಿಯ ರಕ್ತದ ಒಂದು ಹನಿ. ಪಕ್ಕದಲ್ಲಿ, ಸೀನುವ ಕೋಳಿಯ ಗಂಟಲಿನಿಂದ ಹತ್ತಿಕಡ್ಡಿಯಲ್ಲಿ ತೆಗೆದ ಲೋಳೆಯನ್ನು ಕದಡಿದ ನೀರಿನ ಇನ್ನೊಂದು ಹನಿ. ಎರಡನ್ನೂ ಕೂಡಿಸಿ ಟೈಲನ್ನು ಅತ್ತಿತ್ತ ವಾಲಿಸಬೇಕು. ವೈರಸ್ಸು ಇದ್ದರೆ ರಕ್ತದ ಕಣಗಳು ಒಂದಕ್ಕೊಂದು ಅಂಟಿಕೊಂಡು ಕೆಂಪು ರವೆಯ ಹಾಗೆ ಕಾಳುಕಾಳಾಗುತ್ತವೆ. ಇಲ್ಲದಿದ್ದರೆ ರಕ್ತ ನುಣ್ಣಗೆ ಹಾಗೇ ಉಳಿಯುತ್ತದೆ. ಕಪ್ಪಿನಲ್ಲಿಯ ಚಹಾ ಆರುವುದರೊಳಗೆ ಉತ್ತರ ಸಿಕ್ಕಿಬಿಡುತ್ತಿತ್ತು.

ಎರಡನೆಯದು ತತ್ತಿ. ಒಂಬತ್ತು ಹತ್ತು ದಿನ ಕಾವು ಕೊಟ್ಟು, ಒಳಗೆ ಮರಿ ಬೆಳೆಯುತ್ತಿರುವ ತತ್ತಿ ತೆಗೆದುಕೊಳ್ಳಬೇಕು. ಅದರ ಸಿಪ್ಪೆಗೆ ಸೂಜಿ ಹೋಗುವಷ್ಟು ತೂತು ಕೊರೆದು, ಅದೇ ಲೋಳೆಯ ನೀರನ್ನು ಒಂದಿಷ್ಟು ಒಳಗೆ ಬಿಟ್ಟು, ತೂತಿಗೆ ಮೇಣ ಮೆತ್ತಿ, ಕಾವಿನ ಪೆಟ್ಟಿಗೆಯಲ್ಲಿಡಬೇಕು. ದಿನಾ ಕತ್ತಲೆ ಕೋಣೆಯಲ್ಲಿ ಬೆಳಕಿಗೆ ಹಿಡಿದು ನೋಡಬೇಕು. ಲೋಳೆಯಲ್ಲಿ ವೈರಸ್ಸು ಇದ್ದರೆ ಅದು ತತ್ತಿಯೊಳಗೆ ಬೆಳೆದು ಹೆಚ್ಚಿ ಮರಿಯನ್ನು ಕೊಲ್ಲುತ್ತದೆ. ಬೇರೆ ಕಾರಣಕ್ಕೆ ಸತ್ತಿದ್ದರೆ? ಅದಕ್ಕೇ ಸತ್ತ ತತ್ತಿಯೊಳಗಿನ ನೀರನ್ನು ಮತ್ತೆ ಟೈಲಿನ ಮೇಲೆ ರಕ್ತದ ಜೊತೆ ಕೂಡಿಸಿ ಖಾತ್ರಿ ಮಾಡಿಕೊಳ್ಳಬೇಕು. ಇಷ್ಟೆಲ್ಲ ಆಗಲು ಮೂರು ನಾಲ್ಕು ದಿನ, ಕೆಲವೊಮ್ಮೆ ಐದೂ ಬೇಕು.

ಒಂದೇ ಕೋಳಿಯ ಲೋಳೆಯನ್ನು ಎರಡೂ ಪರೀಕ್ಷೆಗೆ ಹಾಕಿ, ಯಾವುದು ಹೆಚ್ಚು ರೋಗ ಹಿಡಿಯುತ್ತದೆ ನೋಡಿ ಬರೆಯಿರಿ ಎಂದು ಬೆಂಗಳೂರಿನ ಮೇಲಿನ ಆಫೀಸಿನಿಂದ ನಮಗೆ ಆಜ್ಞೆ ಬಂದಿತ್ತು. ಅಂದಿನಿಂದ ನಮ್ಮ ಸಣ್ಣ ಪ್ರಯೋಗಾಲಯದಲ್ಲಿ ಎರಡು ಪಕ್ಷಗಳಾದವು. ನಮ್ಮ ಡಾಕ್ಟರು ಮೈಸೂರು ಕಡೆಯವರು, ಸಮಾಧಾನದ ಮನುಷ್ಯ, ಟೈಲಿನ ಪಕ್ಷ. ನಾನು ತತ್ತಿಯ ಪಕ್ಷ.

“ನೋಡಮ್ಮಾ, ರೈತ ಬಾಗಿಲಲ್ಲಿ ನಿಂತಿರ್ತಾನೆ,” ಅನ್ನುತ್ತಿದ್ದರು ಡಾಕ್ಟರು. “ಅವನಿಗೆ ಐದು ದಿನ ಬಿಟ್ಟು ಕೋಳಿ ತಗೊಂಡು ಬಾ ಅಂದ್ರೆ ಅವನೊಬ್ಬನೇ ಬರ್ತಾನೆ, ಕೋಳಿ ಬರಲ್ಲ.”

“ಖರೇ ಅದರಿ ಸರ್. ಆದ್ರ ಟೈಲು ಇಲ್ಲ ಅಂತ ಹೇಳಿದ ಕೋಳಿ ಮನೀಗೆ ಹೋಗಿ ಸತ್ರ, ಅಂವ ಬಂದು ನಮ್ಮ ಕುತ್ತಿಗಿ ತಿರುವತಾನ್ರಿ.”

ಅವರು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ಆಗ ನನಗೆ ಯಾವ ವಾದವನ್ನೂ ತಣ್ಣಗೆ ಮಾಡಲು ಬರುತ್ತಿರಲಿಲ್ಲ. ಆದರೆ ಡಾಕ್ಟರು ತತ್ತಿಯನ್ನು ಹೀಗಳೆದವರಲ್ಲ. ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಪ್ರತಿ ಸಲ ಲೋಳೆ ಹಾಕಿದ ತತ್ತಿಗಳ ಜೊತೆಗೆ ಬರೀ ಉಪ್ಪುನೀರು ಹಾಕಿದ ಒಂದೆರಡು ತತ್ತಿಗಳನ್ನೂ ಇಡಲೇಬೇಕು. “ನಮ್ಮೂರ ಕರೆಂಟು ನಂಬಬೇಡ. ಕರೆಂಟು ಹೋಗಿ ತತ್ತಿ ಸತ್ರೆ ವೈರಸ್ ಮೇಲೆ ತಪ್ಪು ಹೊರಿಸ್ಬಾರದು. ಉಪ್ಪುನೀರಿನ ತತ್ತಿ ಬದುಕಿ ಇನ್ನೊಂದು ಸತ್ತಿದ್ರೆ ಮಾತ್ರ ಲೆಕ್ಕಕ್ಕೆ ತಗೋ,” ಎಂದು ಹೇಳಿಕೊಟ್ಟಿದ್ದರು. ಮೈಸೂರಿನವರಾದರೂ ತತ್ತಿ ಎನ್ನಲು ಅಷ್ಟರಲ್ಲಿ ಕಲಿತಿದ್ದರು.

ಎಲ್ಲ ತತ್ತಿಯೂ ಈ ಕೆಲಸಕ್ಕೆ ನಡೆಯುವುದಿಲ್ಲ. ಫಾರ್ಮಿನ ತತ್ತಿಗೆ ಹುಂಜದ ಸಂಗವಿಲ್ಲ, ಮರಿಯಾಗುವುದಿಲ್ಲ. ಲಸಿಕೆ ಹಾಕಿದ ಕೋಳಿಯ ತತ್ತಿಯಾದರೆ ತಾಯಿಯ ಶಕ್ತಿ ತತ್ತಿಗೂ ಇಳಿದು ವೈರಸ್ಸನ್ನು ಬೆಳೆಯಗೊಡುವುದಿಲ್ಲ. ನಮಗೆ ಬೇಕಾದದ್ದು ಸೂಜಿಯನ್ನೇ ಕಾಣದ ಜವಾರಿ ಕೋಳಿಯ ತತ್ತಿ. ಅಂಥ ಕೋಳಿಗಳು ರಾಣೆಬೆನ್ನೂರಿನ ನಮ್ಮ ಮನೆಯ ಹಿತ್ತಲಲ್ಲೇ ಇದ್ದವು. ಅವ್ವ ಅವನ್ನು ಕಾವಿಗೆ ಕೂಡಿಸಿ, ಹೊತ್ತಿಗೆ ಸರಿಯಾಗಿ ನನಗೆ ತತ್ತಿ ಎತ್ತಿ ಕೊಡುತ್ತಿದ್ದಳು. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ.

“ನೌಕರಿ ನಿಂದು, ಕಾವು ಕೂಡೂದು ನನ್ನ ಕೋಳಿ. ಪಾಪದ್ದು, ಮರಿ ಬರತಾವಂತ ಕುಂತಿರತೈತಿ, ನೀ ಡಬ್ಬೀಗೆ ತುಂಬ್ಕೊಂಡು ಹೊಂಟಬಿಡ್ತಿ.”

“ಒಂದ ಮರಿ ಹೋದ್ರ ನೂರು ಕೋಳಿ ಉಳಿತಾವ ಬೇ.”

“ಆ ನೂರು ಕೋಳಿ ಯಾರವು? ನನ್ನವೇನು?” ಎಂದು ಗೊಣಗುತ್ತಲೇ ಡಬ್ಬಿಗೆ ಹತ್ತಿ ತುಂಬಿ, ಮೇಲೊಂದು ಬೆಚ್ಚನೆಯ ಅರಿವೆ ಸುತ್ತಿ ಕೊಡುತ್ತಿದ್ದಳು.

ಆ ಡಬ್ಬಿಯನ್ನು ಸೆರಗಿನೊಳಗೆ ಹೊಟ್ಟೆಗವಚಿಕೊಂಡು ಬೆಳಗಿನ ರೈಲಿಗೆ ಹಾವೇರಿಗೆ ಹೋಗುತ್ತಿದ್ದೆ. ನಡುವೆ ಬ್ಯಾಡಗಿ. ಮೆಣಸಿನಕಾಯಿ ಸುಗ್ಗಿಯಲ್ಲಿ ರೈಲು ಬ್ಯಾಡಗಿಯಲ್ಲಿ ನಿಂತರೆ ಸಾಕು, ಬೋಗಿಗೆ ಬೋಗಿಯೇ ಸೀನುತ್ತಿತ್ತು. ಚೀಲ ಹತ್ತಿಸುವ ಹಮಾಲರು ಮೂಗಿಗೆ ಟವೆಲ್ಲು ಕಟ್ಟಿಕೊಂಡಿರುತ್ತಿದ್ದರು. ನಾನು ತತ್ತಿ ಅಲುಗೀತೆಂದು ಮೂಗನ್ನು ಗಟ್ಟಿಯಾಗಿ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿರುತ್ತಿದ್ದೆ. ಹಾವೇರಿ ಮುಟ್ಟಿ, ಕತ್ತಲೆ ಕೋಣೆಗೆ ಓಡಿ, ತತ್ತಿಯನ್ನು ಬೆಳಕಿಗೆ ಹಿಡಿದರೆ, ಆಹಾ! ಕೆಂಪು ನರಗಳ ಬಲೆ, ನಡುವೆ ಕಪ್ಪು ಕಣ್ಣಿನ ಚುಕ್ಕೆ, ಕೈಯಲ್ಲಿರುವಂತೆಯೇ ಮಿಸುಕುವ ಜೀವ. ಎಷ್ಟು ಸಲ ನೋಡಿದರೂ ಪ್ರತಿ ಸಲವೂ ನನಗೆ ಮೈ ಜುಮ್ಮೆನ್ನುತ್ತಿತ್ತು.

ಅಂಥದೊಂದು ಸುಗ್ಗಿಯಲ್ಲಿ, ನಾವು ವಾರಕ್ಕೊಮ್ಮೆ ಬ್ಯಾಡಗಿಗೆ ಹೋಗುತ್ತಿದ್ದ ದಿನ, ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸದ ಹೆಂಗಸೊಬ್ಬಳು ಡಾಕ್ಟರ ಮುಂದೆ ಬಂದು ನಿಂತಳು. ನಡುವಯಸ್ಸಿನ ಮುಸ್ಲಿಂ ಹೆಂಗಸು, ಬೆರಳ ತುದಿಗಳೆಲ್ಲ ಕೆಂಪು. ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕವ್ವ, ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮಾರ್ಕೆಟ್ ಯಾರ್ಡಿನ ಬೆನ್ನಿಗೇ ಇತ್ತು ಅವಳ ಮನೆ.

“ಸಾಹೇಬ್ರ, ನಾಳೆ ಒಮ್ಮೆ ಮನೀಗೆ ಬಂದು ನಮ್ಮ ಕೋಳಿ ನೋಡ್ರಿ. ಅವಕ ರೋಗಿಲ್ಲ ಅಂತ ಒಂದ ಮಾತು ಹೇಳ್ರಿ, ಸಾಕು.”

“ರೋಗ ಇಲ್ಲದ ಮೇಲೆ ನಾನು ಯಾಕಮ್ಮಾ ನೋಡಲಿ?”

ಆಗ ವಿಷಯ ಹೊರಬಂತು. ಅವಳ ಮಗಳ ನಿಕಾ ಆಗಿ ಸ್ವಲ್ಪ ದಿನವಾಗಿತ್ತು. ಗಂಡನ ಮನೆ ಗಳಗನಾಥದಲ್ಲಿ, ಹೊಳೆಯ ದಂಡೆಯ ಊರು. ಮಗಳು ಮೊದಲ ಸಲ ತವರಿಗೆ ಬಂದಿದ್ದಳು, ಸೋಮವಾರ ತಿರುಗಿ ಹೋಗುವವಳಿದ್ದಳು. ಅವಳ ಜೊತೆ ಮನೆಯ ಕೋಳಿಗಳಲ್ಲಿ ಅರ್ಧ ಕಳಿಸುತ್ತೇನೆಂದು ಖಾಲಾ ಬೀಗರಿಗೆ ಮಾತು ಕೊಟ್ಟಿದ್ದಳು. ಮಗಳೇ ಮರಿಯಿಂದ ಸಾಕಿದ ಕೋಳಿಗಳು ಅವು, ಅಲ್ಲಿಯೂ ಸಾಕುತ್ತೇನೆಂದು ಅವಳಿಗೆ ಆಸೆ. ಆದರೆ ಬಂದುಹೋದ ಬೀಗರು, ಇವು ಸೀನುತ್ತಾವಲ್ಲ ಎಂದು ಒಂದು ಮಾತು ಆಡಿ ಹೋಗಿದ್ದರು.

“ಮೆಣಸಿನಕಾಯಿ ಘಾಟಿಗೆ ಸೀನತಾವ್ರಿ. ನಾನೂ ಸೀನತೇನಿ, ನಮ್ಮ ಮಸೂತಿಯಾಗ ನಮಾಜಿಗೆ ನಿಂತವರೂ ಸೀನತಾರ. ಬ್ಯಾಡಗಿಯಾಗ ಸೀನಲಾರದವ್ರು ಯಾರದಾರ?”

ಅದೇ ಹೊತ್ತಿಗೆ ಡಾಕ್ಟರಿಗೇ ಸಾಲಾಗಿ ಸೀನು ಬಂದವು. ಅವರು ಮೂಗು ಒರೆಸಿಕೊಳ್ಳುತ್ತ, ಈಕೆ ಹೇಳೋದು ಸರಿ ಅನ್ನುವ ಹಾಗೆ ನನ್ನ ಕಡೆ ನೋಡಿದರು.

ಮರುದಿನ ಬುಧವಾರ ಹೋದೆವು. ಅಂಗಳಕ್ಕೆ ನೀರು ಹೊಡೆದು ಗುಡಿಸಿದ್ದಳು. ಕೋಳಿಗಳು ಎಷ್ಟು ಲಕಲಕ ಅನ್ನುತ್ತಿದ್ದವೆಂದರೆ, ಇವಕ್ಕೆ ರೋಗವಿದೆ ಅನ್ನಲು ಯಾರಿಗೂ ಮನಸ್ಸು ಬಾರದು. ಸೀನುವುದೇನೋ ಸೀನುತ್ತಿದ್ದವು. ಡಾಕ್ಟರು ಒಂದೊಂದನ್ನೇ ಹಿಡಿದು ಬಾಯಿ ತೆರೆಸಿದರು, ನಾನು ಹತ್ತಿಕಡ್ಡಿಯಿಂದ ಗಂಟಲು ಒರೆಸಿಕೊಂಡೆ. ಹಾವೇರಿಗೆ ಬಂದು ಟೈಲಿಗೆ ಹಾಕಿದೆವು. ರಕ್ತ ಒಂದರಲ್ಲೂ ಕಾಳಾಗಲಿಲ್ಲ, ರೇಷ್ಮೆಯ ಹಾಗೆ ನುಣ್ಣಗೆ ಹರಿಯಿತು.

“ಮೆಣಸಿನಕಾಯಿ,” ಎಂದರು ಡಾಕ್ಟರು.

“ತತ್ತಿಗೂ ಹಾಕ್ತೇನ್ರಿ ಸರ್.”

“ಹಾಕು. ಹೇಗಿದ್ರೂ ಎರಡೂ ಬರೀಬೇಕಲ್ಲ. ಆದ್ರೆ ಆಯಮ್ಮನಿಗೆ ಹೇಳಿ ಕಳಿಸ್ತೀನಿ, ಟೈಲಿನಲ್ಲಿ ಏನೂ ಕಾಣಲಿಲ್ಲ ಅಂತ. ಪಾಪ, ಕಾಯ್ತಿರ್ತಾಳೆ.”

ಅವರು ಹೇಳಿಕಳಿಸಿದರು. ನಾನು ತತ್ತಿಗಳಿಗೆ ಹಾಕಿ, ಉಪ್ಪುನೀರಿನವನ್ನೂ ಪಕ್ಕದಲ್ಲಿಟ್ಟೆ. ಗುರುವಾರ ಎಲ್ಲ ತತ್ತಿಗಳೂ ಜೀವಂತ. ಶುಕ್ರವಾರವೂ. ಶನಿವಾರ ಮನೆಗೆ ಹೊರಡುವ ಮುನ್ನ ನೋಡಿದರೂ ಮರಿಗಳು ಚಂದಾಗಿ ಮಿಸುಕುತ್ತಿದ್ದವು. ಡಾಕ್ಟರೇ ಗೆದ್ದರು ಅಂದುಕೊಂಡೆ. ಒಳಗೊಳಗೆ ಸಿಟ್ಟು ಬಂದಿತ್ತು, ಸಮಾಧಾನವೂ ಆಗಿತ್ತು. ಖಾಲಾನಿಗೆ ನಾನೇ ಹೇಳಿ ಹೋಗೋಣವೆಂದು ಸಂಜೆಯ ರೈಲಿನಿಂದ ಬ್ಯಾಡಗಿಯಲ್ಲಿ ಇಳಿದೆ.

ಖಾಲಾ ಚಹಾ ಕೊಟ್ಟಳು. ಮಗಳು ಕೋಳಿಗಳಿಗೆ ನುಚ್ಚು ಹಾಕುತ್ತಿದ್ದಳು. ಅಂದು ಕೋಳಿಗಳು ಬುಧವಾರದ ಹಾಗೆ ಹೊಳೆಯುತ್ತಿರಲಿಲ್ಲ. ಮೂಗಿನ ಸುತ್ತ ಒದ್ದೆ, ಬಾಯಂಚಿನಲ್ಲಿ ಲೋಳೆ. ಒಂದಂತೂ ರೆಕ್ಕೆ ಜೋಲುಬಿಟ್ಟು ಮೂಲೆಯಲ್ಲಿ ನಿಂತಿತ್ತು.

“ಅವತ್ತ ಇವು ಹಿಂಗಿದ್ದಿಲ್ಲಲ್ಲ?” ಎಂದೆ.

ಮಗಳು ಬಾಯಿಗೆ ಓಢಣಿ ಹಿಡಿದು ನಕ್ಕಳು. “ಅಕ್ಕಾ, ನೀವು ಬರ್ತೀರಂತ ಅವತ್ತ ಅಮ್ಮಿ ನಸುಕಿನ್ಯಾಗ ಎದ್ದು ಎಲ್ಲಾ ಕೋಳೀದೂ ಮಾರಿ ತೊಳದಾಳ. ಸಬಕಾರ ಹಚ್ಚಿ! ಬಾಯಿ ತಗದು, ಸಬಕಾರದ ನೀರಿನ್ಯಾಗ ಅರಬಿ ಎದ್ದಿ ಒಳಗೂ ವರಸ್ಯಾಳ. ಒಂದು ಕೋಳಿ ಬಾಯಾಗಿಂದ ಬುರುಗು ಬರಾಕತ್ತಿತ್ತು.”

“ಮತ್ತೇನು ಮಾಡ್ಲಿ?” ಎಂದಳು ಖಾಲಾ ಗಂಭೀರವಾಗಿ. “ಸರಕಾರದ ಮಂದಿ ಮನೀಗೆ ಬರೂಮುಂದ ಅವನ್ನ ಸಿಂಬಳ ಸುರಿಸ್ಕೊಂತ ನಿಂದ್ರಸ್ಲೇನು?”

ನಾನು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಮ್ಮ ಕಡೆ ಯಾರಾದರೂ ಇದನ್ನೇ ಮಾಡುತ್ತಿದ್ದರು. ಶಾಲೆಗೆ ಸಾಹೇಬರು ಬರುತ್ತಾರೆಂದರೆ ಮಕ್ಕಳ ಮೂಗು ಒರೆಸುತ್ತೇವೆ, ದನದ ಡಾಕ್ಟರು ಬರುತ್ತಾರೆಂದರೆ ಎಮ್ಮೆಯ ಮೈ ತೊಳೆಯುತ್ತೇವೆ. ಬಂದವರಿಗೆ ಹೊಲಸು ತೋರಿಸುವುದು ಮರ್ಯಾದೆಯಲ್ಲ. ನಮ್ಮ ಅವ್ವನಾಗಿದ್ದರೆ ಕೋಳಿಗೆ ಕಾಡಿಗೆಯನ್ನೂ ಹಚ್ಚಿ ಕೂಡಿಸುತ್ತಿದ್ದಳು. ಆದರೆ ಆ ನಗು ಅರ್ಧಕ್ಕೇ ನಿಂತಿತು. ವೈರಸ್ಸು ಇದ್ದರೆ ಇರಬೇಕಾದದ್ದು ಆ ಸಿಂಬಳದಲ್ಲಿ, ಆ ಲೋಳೆಯಲ್ಲಿ. ಸಾಬೂನು ತಗಲಿದರೆ ಈ ವೈರಸ್ಸು ಉಳಿಯುವುದಿಲ್ಲ. ನಾವು ಕಡ್ಡಿಯಲ್ಲಿ ಒರೆಸಿಕೊಂಡು ಹೋದದ್ದು ತೊಳೆದಿಟ್ಟ ಗಂಟಲನ್ನು! ಟೈಲು ಇಲ್ಲ ಎಂದದ್ದಕ್ಕೆ ಅರ್ಥವೇ ಇರಲಿಲ್ಲ. ತತ್ತಿಗೂ ಅದೇ ತೊಳೆದ ನೀರೇ ಹೋಗಿತ್ತು.

ಮತ್ತೊಮ್ಮೆ ಲೋಳೆ ತೆಗೆಯೋಣವೆಂದರೆ ಕಡ್ಡಿ, ಸೀಸೆ ಎಲ್ಲ ಹಾವೇರಿಯಲ್ಲಿ, ಬೀಗದೊಳಗೆ. ಮರುದಿನ ರವಿವಾರ. ಸೋಮವಾರ ಮಗಳನ್ನೂ ಕೋಳಿಗಳನ್ನೂ ಒಯ್ಯಲು ಟೆಂಪೋ ಬರುವುದಿತ್ತು.

“ಖಾಲಾ, ಕೋಳಿ ಈಗ ಕಳಿಸಬ್ಯಾಡ. ಇದು ಘಾಟಲ್ಲ ಅನಸ್ತೈತಿ ನನಗ.”

ಖಾಲಾ ಚಹಾದ ಬಟ್ಟಲು ಕೆಳಗಿಟ್ಟಳು. “ನಿಮ್ಮ ಸಾಹೇಬ್ರ ಏನಿಲ್ಲ ಅಂತ ಹೇಳಿ ಕಳಿಸ್ಯಾರ. ನೀ ಬಂದು ಐತಿ ಅಂತಿ. ಯಾರ ಮಾತು ಕೇಳ್ಲಿ ಬೇಟಿ? ಕೊಡ್ತೇನಿ ಅಂದು ಕೊಡಲಿಲ್ಲಂದ್ರ, ಬರಿಗೈಲೆ ಬಂದ್ಲು ಅಂತ ದಿನಾ ಅನ್ನಿಸ್ಕೊಳ್ಳಾಕಿ ನನ್ನ ಮಗಳು.”

“ಕೊಟ್ಟ ಕೋಳಿ ಅಲ್ಲಿ ಹೋಗಿ ಸತ್ರ?”

ಮಗಳೇ ಮೆಲ್ಲಗೆ ಹೇಳಿದಳು. “ಗಳಗನಾಥದಾಗ ನಮ್ಮ ಬಾಜೂ ಮನಿ ಸೊಸಿ ತವರಿಂದ ಆಡು ತಂದಿದ್ಲಂತ, ಅಕ್ಕಾ. ಬಂದ ವಾರದಾಗ ಆಡೂ ಸತ್ತು, ಮನ್ಯಾಗಿನ ಮರಿಗೋಳೂ ಸತ್ತು. ಈಗಲೂ ಆಕೀನ್ನ ಯಾರೂ ಹೆಸರ ಹಿಡದು ಕರಿಯಂಗಿಲ್ಲ. ಕಾಲ್ಗುಣದಾಕಿ ಅಂತಾರ.”

ಇದೇ ಅಸಲಿ ಮಾತು. ಹೊಸ ಸೊಸೆ ಹೊಸ್ತಿಲು ತುಳಿದ ಬೆನ್ನಿಗೆ ಊರ ಕೋಳಿಯೆಲ್ಲ ಸತ್ತರೆ ಯಾರೂ ವೈರಸ್ಸನ್ನು ಬಯ್ಯುವುದಿಲ್ಲ. ಅವಳ ಕಾಲನ್ನು ಬಯ್ಯುತ್ತಾರೆ. ಸಾಯುವ ತನಕ ಬಯ್ಯುತ್ತಾರೆ. ಆ ಹುಡುಗಿ ಮೂಲೆಯ ಕೋಳಿಯನ್ನೇ ನೋಡುತ್ತಿದ್ದಳು. ನನಗೆ ಅವಳ ಮೇಲೆ ಬಂದ ಕನಿಕರ, ಆ ಮಾತು ಹುಟ್ಟಿಸಿದವರ ಮೇಲೆ ಬಂದ ಸಿಟ್ಟು, ಎರಡೂ ಈಗಲೂ ಹಾಗೇ ಇವೆ.

“ಸೋಮವಾರ ಮಧ್ಯಾಹ್ನದ ಮಟಾ ನನ್ನ ದಾರಿ ನೋಡು ಖಾಲಾ. ತತ್ತಿ ಏನ ಹೇಳ್ತಾವ ಬಂದು ಹೇಳ್ತೇನಿ.”

“ತತ್ತಿ ಹೇಳ್ತಾವ?” ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಆತು. ಟೆಂಪೋ ಬರೂತನಾ ಕಾಯ್ತೇನಿ. ಬಂದ ಮ್ಯಾಲ ಕಾಯಂಗಿಲ್ಲ.”

ರವಿವಾರ ನಾನು ಕೂತಲ್ಲಿ ಕೂಡಲಿಲ್ಲ. ಸಾರಿಗೆ ಉಪ್ಪು ಎರಡು ಸಲ ಹಾಕಿ ಅವ್ವನಿಂದ ಬೈಸಿಕೊಂಡೆ. ಸೋಮವಾರ ಹಾವೇರಿಯಲ್ಲಿ ರೈಲಿಳಿದು ಓಡುತ್ತಲೇ ದವಾಖಾನೆಗೆ ಬಂದರೆ ಡಾಕ್ಟರು ಬಾಗಿಲಲ್ಲೇ ಸಪ್ಪಗೆ ನಿಂತಿದ್ದರು.

“ನಿನ್ನೆ ಮಧ್ಯಾಹ್ನವೆಲ್ಲ ಕರೆಂಟಿರಲಿಲ್ಲವಂತೆ ಕಣಮ್ಮಾ. ಪೆಟ್ಟಿಗೆ ತಣ್ಣಗಾಗಿತ್ತೋ ಏನೋ.”

ನನಗೆ ಅಲ್ಲೇ ಅಳು ಬಂತು. ಎಲ್ಲ ತತ್ತಿಯೂ ಸತ್ತಿದ್ದರೆ ಇಷ್ಟು ದಿನದ ಕೆಲಸ ನೀರಿನಲ್ಲಿ ಹೋಮ. ವೈರಸ್ಸು ಕೊಂದಿತೋ ಚಳಿ ಕೊಂದಿತೋ, ಯಾರು ಹೇಳಬೇಕು? ಶನಿವಾರ ನಾನು ಕೇಳಿದ್ದ ತೊಳೆದ ಗಂಟಲಿನ ಸುದ್ದಿ ಇನ್ನೂ ಡಾಕ್ಟರಿಗೆ ಮುಟ್ಟಿರಲಿಲ್ಲ. ಕತ್ತಲೆ ಕೋಣೆಗೆ ನಡೆಯುತ್ತಲೇ ಅದನ್ನು ಹೇಳಿದೆ. ಅವರು ನಗಲಿಲ್ಲ. ಪೆಟ್ಟಿಗೆ ತೆರೆದು, “ಮೊದಲು ಉಪ್ಪುನೀರಿಂದು ಹಿಡಿ,” ಎಂದರು.

ಹಿಡಿದೆ. ಬೆಳಕಿನಲ್ಲಿ ಕೆಂಪು ನರಗಳು ಕಂಡವು. ನಡುವಿನ ಮರಿ ಒಮ್ಮೆ ಕಾಲು ಝಾಡಿಸಿತು. ಎರಡನೆಯದನ್ನು ಹಿಡಿದೆ, ಅದೂ ಮಿಸುಕಿತು. ಜೀವಂತ! ಎರಡೂ ಜೀವಂತ! ನಮ್ಮ ಅವ್ವನ ಕೋಳಿಯ ಮಕ್ಕಳು, ಅರ್ಧ ದಿನದ ಚಳಿಗೆ ಹೆದರುವ ಜಾತಿಯಲ್ಲ.

“ಈಗ ಬ್ಯಾಡಗಿಯವು,” ಎಂದರು ಡಾಕ್ಟರು. ಅವರ ದನಿಯೂ ಬದಲಾಗಿತ್ತು.

ಮೊದಲನೆಯದು ಜೀವಂತ. ಎರಡನೆಯದು ಜೀವಂತ. ಮೂರನೆಯದರಲ್ಲಿ ನರಗಳೇ ಕಾಣಲಿಲ್ಲ. ಬೆಳಕಿಗೆ ಮತ್ತಷ್ಟು ಹತ್ತಿರ ಹಿಡಿದೆ. ಒಳಗೆಲ್ಲ ಮಬ್ಬು, ಮರಿ ಅಲುಗದೆ ಒಂದು ಕಡೆ ಕುಸಿದಿತ್ತು. ಅದರ ಮುಂದಿನದೂ ಹಾಗೇ. ಸತ್ತ ತತ್ತಿಯ ತಲೆ ಒಡೆದು ನೀರು ಎಳೆದುಕೊಂಡು, ಟೈಲು ತೊಳೆದು, ರಕ್ತದ ಹನಿ ಇಟ್ಟು, ಕೂಡಿಸಿ, ವಾಲಿಸಿದೆ. ಒಂದು ಕ್ಷಣ ನುಣ್ಣಗೆ ಹರಿಯಿತು. ಆಮೇಲೆ ನನ್ನ ಕಣ್ಣೆದುರಿಗೇ ರಕ್ತ ಒಡೆಯತೊಡಗಿತು. ಕಾಳು, ಕಾಳು, ಟೈಲಿನ ತುಂಬ ಕೆಂಪು ಕಾಳು!

“ಬಂತು! ಸರ್, ಬಂತು! ನೋಡ್ರಿ, ಬಂತು!” ನಾನು ಕುಣಿದೆ. ಖರೇ ಕುಣಿದೆ, ಚಪ್ಪಲಿ ಕಳಚಿ ಮೇಜಿನಡಿ ಹೋಯಿತು. ಸಾಬೂನು ಹಚ್ಚಿ ತೊಳೆದು ಒರೆಸಿದ ಮೇಲೂ ಯಾವುದೋ ಕೋಳಿಯ ಗಂಟಲಿನ ಸಂದಿಯಲ್ಲಿ ಅಷ್ಟಿಷ್ಟು ಉಳಿದಿತ್ತು. ಟೈಲಿನ ಕಣ್ಣಿಗೆ ಬೀಳದ ಅಷ್ಟನ್ನು ತತ್ತಿ ಹಿಡಿದು, ಬೆಳೆಸಿ, ಎತ್ತಿ ತೋರಿಸಿತ್ತು. 

ಡಾಕ್ಟರು ಉಪ್ಪುನೀರಿನ ತತ್ತಿಯ ನೀರನ್ನೂ ಹಾಗೇ ನೋಡಿದರು. ನುಣ್ಣಗಿತ್ತು. ಅವರೂ ನಗತೊಡಗಿದರು. “ಟೈಲು ಸುಳ್ಳು ಹೇಳಲಿಲ್ಲಮ್ಮಾ. ಅದಕ್ಕೆ ಅಷ್ಟು ಸಣ್ಣದು ಕಾಣೋದಿಲ್ಲ, ಅಷ್ಟೇ. ಇದನ್ನ ಬರೀಬೇಕು, ಹೀಗೇ ಬರೀಬೇಕು…” ಎಂದವರು ತಟ್ಟನೆ ಗಡಿಯಾರ ನೋಡಿದರು. “ಇನ್ನೂ ಇಲ್ಲೇ ನಿಂತಿದ್ದೀಯಲ್ಲ! ಆಯಮ್ಮನ ಟೆಂಪೋ! ಓಡು!”

ದವಾಖಾನೆಯ ಜೀಪು ಬೇರೆ ಊರಿಗೆ ಹೋಗಿತ್ತು. ಸಿಕ್ಕ ಬಸ್ಸು ಹತ್ತಿ ಮೋಟೆಬೆನ್ನೂರಿನಲ್ಲಿ ಇಳಿದೆ. ಅಲ್ಲಿಂದ ಬ್ಯಾಡಗಿಗೆ ಹೋಗುವ ಬಸ್ಸಿನ ಸುಳಿವಿಲ್ಲ. ಮೆಣಸಿನಕಾಯಿ ಚೀಲ ಹೇರಿಕೊಂಡು ಯಾರ್ಡಿಗೆ ಹೊರಟಿದ್ದ ಟ್ರ್ಯಾಕ್ಟರಿಗೆ ಅಡ್ಡ ನಿಂತು ಕೈ ಮಾಡಿದೆ.

“ಮ್ಯಾಲ ಚೀಲದ ಮ್ಯಾಲ ಕುಂದ್ರಬೇಕಾಕೈತಿ ನೋಡ್ರಿ ಬಾಯಾರ,” ಎಂದ ಡ್ರೈವರ್.

“ಕುಂದ್ರತೇನಿ, ಲಗೂ ಹೊಡೀರಿ!”

ಸೀರೆ ಎತ್ತಿ ಕಟ್ಟಿ ಚೀಲದ ರಾಶಿಯ ಮೇಲೆ ಹತ್ತಿ ಕೂತೆ. ಬ್ಯಾಡಗಿಯ ತನಕವೂ ಸೀನಿದೆ. ಸೀನಿ, ನಕ್ಕು, ಕಣ್ಣೊರೆಸಿಕೊಂಡು, ಮತ್ತೆ ಸೀನಿದೆ. ಎದೆಯೊಳಗಿನ ಸಂಭ್ರಮಕ್ಕೆ ಚೀಲದ ಮೇಲಿಂದ ಹಾರಿಹೋಗುತ್ತೇನೋ ಅನ್ನಿಸುತ್ತಿತ್ತು. ಜೊತೆಗೇ, ಟೆಂಪೋ ಹೋಗಿಬಿಟ್ಟಿದ್ದರೆ ಎಂಬ ಭಯ.

ಹೋಗಿರಲಿಲ್ಲ. ಖಾಲಾನ ಮನೆಯ ಮುಂದೆ ಟೆಂಪೋ ಗುರುಗುಟ್ಟುತ್ತ ನಿಂತಿತ್ತು. ಬಲೆ ಕಟ್ಟಿದ ಬುಟ್ಟಿಗಳಲ್ಲಿ ಕೋಳಿಗಳನ್ನು ಆಗಲೇ ಏರಿಸಿದ್ದರು. ಮಗಳು ಹೊಸ ಸೀರೆಯುಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದಳು. ನಾನು ಓಡಿಬಂದು ಟೆಂಪೋದ ಮುಂದೆ ನಿಂತೆ.

“ಇಳಸ್ರಿ! ಕೋಳಿ ಇಳಸ್ರಿ! ತತ್ತಿ ಸತ್ತಾವ ಖಾಲಾ!”

ಖಾಲಾನ ಮುಖ ಕೆಂಪಾಯಿತು. “ಹಾವೇರ್ಯಾಗ ನಿನ್ನ ತತ್ತಿ ಸತ್ರ ಇಲ್ಲಿ ನನ್ನ ಕೋಳೀಗೇನಾತು? ಮಂದಿ ಮುಂದ ಮರ್ಯಾದಿ ತಗೀಬ್ಯಾಡ, ಸರಿ ಅತ್ತಾಗ.”

ತಪ್ಪಿಲ್ಲ, ನಾನು ಹೇಳಿದ ರೀತಿಯೇ ಹಾಗಿತ್ತು. ಉಸಿರು ತೆಗೆದುಕೊಂಡು ಕೇಳಿದೆ. “ಖಾಲಾ, ಗಡಗಿ ತುಂಬ ಹಾಲಿಗೆ ಒಂದ ಹನಿ ಹೆಪ್ಪು ಬಿದ್ರ ನಿನಗ ಕಾಣಸ್ತೈತೇನು?”

“ಅದ್ಯಾಕ ಕಾಣಸ್ತೈತಿ?”

“ಮುಂಜಾನೆ ನೋಡಿದ್ರ?”

“ಮೊಸರಾಗಿರತೈತಿ.”

“ನಿನ್ನ ಕೋಳಿ ಗಂಟಲದಾಗಿಂದು ಹೆಪ್ಪಿನ ಹನಿಯಷ್ಟ ಇತ್ತು. ನೀ ತೊಳದು ಅಷ್ಟ ಉಳಿಸಿದ್ದಿ. ಟೈಲಿಗೆ ಕಾಣಲಿಲ್ಲ. ತತ್ತಿಯಾಗ ಅದು ಬೆಳದೈತಿ. ನನ್ನ ಕಣ್ಣಿಲೆ ನೋಡೇನಿ. ಗಳಗನಾಥಕ್ಕ ಹೋದ್ರೂ ಹಂಗ ಬೆಳೀತೈತಿ.”

ಡ್ರೈವರ್ ಹಾರ್ನ್ ಬಾರಿಸಿದ. ಆಗ ಮಗಳು ತಾನೇ ಇಳಿದಳು. ಯಾರನ್ನೂ ಕೇಳದೆ ಟೆಂಪೋದ ಹಿಂದಕ್ಕೆ ಹೋಗಿ ಮೊದಲ ಬುಟ್ಟಿಯನ್ನು ಎಳೆದು ಕೆಳಗಿಟ್ಟಳು. “ಅಮ್ಮಿ, ಬರಿಗೈಲೆ ಬಂದ್ಲು ಅಂತ ಅಂದ್ರ ಅನ್ನಿಸ್ಕೊಂತೇನಿ. ಇನ್ನೊಂದು ಮಾತು ಅನ್ನಿಸ್ಕೊಳ್ಳಾಕ ನನ್ನ ಕಡಿಂದ ಆಗಂಗಿಲ್ಲ,” ಎಂದಳು.

ಬುಟ್ಟಿಗಳೆಲ್ಲ ಇಳಿದವು. ಟೆಂಪೋದ ಹಿಂಬದಿಯನ್ನೂ ಹುಡುಗಿಯ ಚಪ್ಪಲಿಯನ್ನೂ ಕೈಕಾಲನ್ನೂ ಸಾಬೂನಿನಿಂದ ತಿಕ್ಕಿಸಿದೆ, ಕೋಳಿ ಮುಟ್ಟಿದ ಸೀರೆ ಬದಲಿಸಲು ಹೇಳಿದೆ. “ಈಗ ತೊಳಿ ಖಾಲಾ, ಎಷ್ಟು ಬೇಕಷ್ಟು ತೊಳಿ,” ಎಂದರೆ ಅವಳಿಗೆ ನಗು ಬರಲಿಲ್ಲ. ನನ್ನ ಜೊತೆ ಮಾತನ್ನೇ ಆಡಲಿಲ್ಲ. ಮಗಳು ಬರಿಗೈಯಲ್ಲಿ ಹೋದಳು.

ಮರುದಿನದಿಂದ ನಾನೂ ಡಾಕ್ಟರೂ ಲಸಿಕೆಯ ಥರ್ಮಾಸು ಹೊತ್ತು ತಿರುಗಿದ್ದೇ ತಿರುಗಿದ್ದು. ಬ್ಯಾಡಗಿಯ ಸುತ್ತಿನ ಓಣಿಗಳು, ಮೋಟೆಬೆನ್ನೂರು, ಆಮೇಲೆ ಗಳಗನಾಥ. ಗಳಗನಾಥದಲ್ಲಿ ಒಂದು ಕೋಳಿಯೂ ಸೀನುತ್ತಿರಲಿಲ್ಲ. ಹುಡುಗಿ ಅಂಗಳ ಗುಡಿಸುತ್ತಿದ್ದಳು, ಅವಳ ಅತ್ತೆ ನಮ್ಮೆದುರಿಗೇ ಅವಳನ್ನು ಹೆಸರು ಹಿಡಿದು ಕರೆದು ನೀರು ತರಲು ಹೇಳಿದಳು. ಆ ಹೆಸರು ಕೇಳಿ ನನಗಾದ ಸಂತೋಷ ಟೈಲಿನ ಮೇಲೆ ಕೆಂಪು ಕಾಳು ಕಂಡಾಗಲೂ ಆಗಿರಲಿಲ್ಲ.

ಖಾಲಾನ ಮನೆಗೆ ಹೋಗಲು ಧೈರ್ಯವಾಗಲಿಲ್ಲ. ಲಸಿಕೆಯ ಕೆಲಸವೆಲ್ಲ ಮುಗಿದ ಮೇಲೆ ಹೋದೆ. ಅಂಗಳ ಖಾಲಿ ಇತ್ತು. ಕುತ್ತಿಗೆ ತಿರುಚಿಕೊಂಡು ಒಂದರ ಹಿಂದೊಂದು ಸತ್ತವೆಂದು ಓಣಿಯವರು ದಾರಿಯಲ್ಲೇ ಹೇಳಿದ್ದರು. ಖಾಲಾ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ನಾನು ಕಟ್ಟೆಯ ಹತ್ತಿರ ಹೋದೆ. ಅವಳು ತಲೆಯೆತ್ತದೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

“ಕುಂದ್ರು ಬೇಟಿ,” ಎಂದಳು. “ಸಾಯೂ ಕೋಳಿ ಸತ್ತು ಹೋದ್ವು. ನನ್ನ ಅಂಗಳದಾಗ ಸತ್ವು. ನನಗ ಕಾಲ್ಗುಣ ಅನ್ನಾವ್ರು ಈಗ ಯಾರದಾರ?”